ಹಳೆಯ ವಸ್ತುವಿನ ಋಣ

‘ಕಸದಿಂದ ರಸ’ ಎಂಬ ಮಾತು ನಮ್ಮ ಶಾಲೆಗಳಲ್ಲಿ ಬಹಳ ಪ್ರಚಾರದಲ್ಲಿದೆ. ವಾರ್ಷಿಕೋತ್ಸವ ಸಮೀಪಿಸಿತೆಂದರೆ ಈ ಹೆಸರಿನ ಸ್ಪರ್ಧೆಯೊಂದು ನಡೆಯುವುದು ವಾಡಿಕೆ. ಒಡೆದ ಬಳೆ, ತೆಂಗಿನ ಕರಟ, ಖಾಲಿ ಬೆಂಕಿಪೊಟ್ಟಣ, ಹಳೆಯ ಲಗ್ನಪತ್ರಿಕೆ ಇವುಗಳಿಂದ ಮಕ್ಕಳು ನವಿಲನ್ನೋ ಹೂದಾನಿಯನ್ನೋ ಪುಟ್ಟ ಮನೆಯನ್ನೋ ಮಾಡಿ ತರುತ್ತಾರೆ. ಮಾತಿಗೆ ಪ್ರಾಸವಿದೆ, ಉದ್ದೇಶವೂ ಒಳ್ಳೆಯದೇ. ಆದರೆ ಈ ಸ್ಪರ್ಧೆಗಾಗಿಯೇ ಅಂಗಡಿಯಿಂದ ಹೊಸ ಐಸ್‌ಕ್ರೀಮ್ ಕಡ್ಡಿಗಳ ಕಟ್ಟನ್ನು ಕೊಂಡು ತರುವವರೂ, ಸೀಸೆ ಬೇಕೆಂದು ಅದರೊಳಗಿನ ಪಾನೀಯವನ್ನು ಬಚ್ಚಲಿಗೆ ಸುರಿಯುವವರೂ ಉಂಟು. ಕಸವಿಲ್ಲದಿದ್ದರೆ ಕಸವನ್ನು ಮಾಡಿಕೊಂಡಾದರೂ ರಸವನ್ನು ತೆಗೆಯಬೇಕೆಂಬ ಉತ್ಸಾಹ! ಅದನ್ನು ಕ್ಷಮಿಸಬಹುದು. ನನಗೆ ಒಪ್ಪಿಗೆಯಾಗದಿರುವುದು ಆ ಮಾತಿನಲ್ಲಿಯೇ ಅಡಗಿರುವ ಒಂದು ಭಾವನೆ. ವಸ್ತುವನ್ನು ಮೊದಲು ಕಸವೆಂದು ಕರೆದು, ಅದಕ್ಕೆ ಹಿಂದು ಮುಂದು ಏನೂ ಇಲ್ಲವೆಂದು ತೀರ್ಮಾನಿಸಿ, ಆಮೇಲೆ ನಮ್ಮ ಜಾಣತನದಿಂದ ಅದಕ್ಕೆ ಬೆಲೆ ಬಂದಿತೆಂದು ಹೇಳಿಕೊಳ್ಳುವುದು ಎಷ್ಟರಮಟ್ಟಿಗೆ ಸರಿ? ಒಡೆದ ಬಳೆಯೂ ಒಂದು ಕಾಲದಲ್ಲಿ ಯಾರದೋ ಕೈಯಲ್ಲಿ ಸದ್ದು ಮಾಡಿದ್ದೇ ಅಲ್ಲವೆ?

ಹಳೆಯ ಸಾಮಾನುಗಳನ್ನು ಕಲೆಗೆ ಒದಗಿಸಿಕೊಳ್ಳುವುದು ಮಕ್ಕಳ ಸ್ಪರ್ಧೆಗೆ ಮಾತ್ರ ಸೀಮಿತವಾಗಿಲ್ಲ. ಜಗತ್ತಿನ ದೊಡ್ಡ ದೊಡ್ಡ ಕಲಾಶಾಲೆಗಳಲ್ಲಿ ಇಂದು ಇಂಥ ಕೃತಿಗಳಿಗೆ ಗೌರವದ ಸ್ಥಾನವಿದೆ. ಬಳಸಿ ಬಿಟ್ಟ ವಸ್ತುಗಳನ್ನೂ ಬೇರೆಯವರಿಂದ ಪಡೆದು ತಂದ ವಸ್ತುಗಳನ್ನೂ ಒಂದು ಕೋಣೆಯಲ್ಲಿಯೋ ಅಂಗಳದಲ್ಲಿಯೋ ಒಂದು ಉದ್ದೇಶವಿಟ್ಟುಕೊಂಡು ಜೋಡಿಸಿರುತ್ತಾರೆ. ನೋಡುವವನು ಅದರ ಮುಂದೆ ನಿಲ್ಲುವುದಷ್ಟೇ ಅಲ್ಲ, ಅದರೊಳಗೆ ಹೋಗಿ ಸುತ್ತಾಡಬಹುದು. ಇದಕ್ಕೆ ಪ್ರತಿಷ್ಠಾಪನ ಕಲೆ ಎಂದು ಹೆಸರು. ಪ್ರದರ್ಶನ ಮುಗಿದ ಮೇಲೆ ಅನೇಕ ಸಲ ಅದನ್ನು ಬಿಚ್ಚಿ ತೆಗೆದಿಡುತ್ತಾರೆ. ನಮಗೆ ಇದು ಅಷ್ಟೇನೂ ಅಪರಿಚಿತವಲ್ಲ. ಹಳೆಯ ಮೈಸೂರಿನ ಕಡೆ ನವರಾತ್ರಿಯಲ್ಲಿ ಪೆಟ್ಟಿಗೆಯಿಂದ ಗೊಂಬೆಗಳನ್ನು ತೆಗೆದು, ಮೆಟ್ಟಿಲು ಕಟ್ಟಿ, ಅಜ್ಜಿಯ ತವರಿನಿಂದ ಬಂದ ಪಟ್ಟದ ಗೊಂಬೆಗಳನ್ನು ಮೇಲಿಟ್ಟು, ನೆರೆಯವರನ್ನು ಕರೆದು ತೋರಿಸಿ, ವಿಜಯದಶಮಿ ಕಳೆದ ಮೇಲೆ ಮತ್ತೆ ಬಟ್ಟೆಯಲ್ಲಿ ಸುತ್ತಿ ಒಳಗಿಡುವುದನ್ನು ನೀವು ಕಂಡಿರಬಹುದು.

ಈ ಬಗೆಯ ಕಲೆಯ ಬಗ್ಗೆ ಜನರಲ್ಲಿ ಒಂದು ಅನುಮಾನವಿದೆ. ಕಸವನ್ನು ತಂದು ಗುಡ್ಡೆ ಹಾಕಿದರೆ ಅದು ಕಲೆಯೇ, ಇದನ್ನು ಯಾರು ಬೇಕಾದರೂ ಮಾಡಬಹುದಲ್ಲ, ಎನ್ನುತ್ತಾರೆ. ಈ ಅನುಮಾನವನ್ನು ಅಜ್ಞಾನವೆಂದು ತಳ್ಳಿಹಾಕುವವರ ಪಂಗಡಕ್ಕೆ ನಾನು ಸೇರಿದವನಲ್ಲ. 2015ರಲ್ಲಿ ಇಟಲಿಯ ಬೊಲ್ಜಾನೊ ನಗರದ ಒಂದು ವಸ್ತುಸಂಗ್ರಹಾಲಯದಲ್ಲಿ ನಡೆದ ಸಂಗತಿಯನ್ನು ಕೇಳಿ. ಅಲ್ಲಿ ಖಾಲಿ ಮದ್ಯದ ಸೀಸೆಗಳು, ಸಿಗರೇಟಿನ ತುಂಡುಗಳು, ಬಣ್ಣದ ಕಾಗದದ ಚೂರುಗಳು ನೆಲದ ತುಂಬ ಹರಡಿದ್ದ ಒಂದು ಪ್ರತಿಷ್ಠಾಪನ ಕೃತಿಯಿತ್ತು. 1980ರ ದಶಕದ ರಾಜಕಾರಣಿಗಳ ಭೋಗಜೀವನವನ್ನು ಅಣಕಿಸುವುದು ಅದರ ಉದ್ದೇಶವಾಗಿತ್ತು. ಬೆಳಗ್ಗೆ ಗುಡಿಸಲು ಬಂದ ಕೆಲಸಗಾರರು ಅದನ್ನು ಯಾವುದೋ ಸಮಾರಂಭದ ಉಳಿಕೆಯೆಂದು ಭಾವಿಸಿ, ಗಾಜನ್ನು ಗಾಜಿನ ಚೀಲಕ್ಕೂ ಕಾಗದವನ್ನು ಕಾಗದದ ಚೀಲಕ್ಕೂ ವಿಂಗಡಿಸಿ ತುಂಬಿ, ನೆಲವನ್ನು ಚೊಕ್ಕಟಗೊಳಿಸಿಬಿಟ್ಟರು! ವಿಷಯ ತಿಳಿದ ಮೇಲೆ ಸಂಗ್ರಹಾಲಯದವರು ಚೀಲಗಳನ್ನು ಬಿಚ್ಚಿ ಕೃತಿಯನ್ನು ಮತ್ತೆ ಜೋಡಿಸಿದರು. ಪತ್ರಿಕೆಗಳು ನಕ್ಕವು. ಆದರೆ ಆ ಕೆಲಸಗಾರರನ್ನು ನಾನು ದೂರಲಾರೆ. ಅವರು ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದರು. ಆ ಸೀಸೆಗಳ ಸ್ಥಾನದಲ್ಲಿ ಬೇರೆ ಯಾವ ಸೀಸೆಗಳನ್ನು ಇಟ್ಟಿದ್ದರೂ ಕೃತಿಗೆ ಲೋಪವಾಗುತ್ತಿರಲಿಲ್ಲ. ಆ ವಸ್ತುಗಳು ಅಲ್ಲಿದ್ದುದು ಒಂದು ವಿಚಾರದ ಗುರುತುಗಳಾಗಿ. ಅವುಗಳಿಗೆ ತಮ್ಮದೇ ಆದ ಕಥೆಯಿರಲಿಲ್ಲ.

ಈ ಕಲೆಯನ್ನು ಅಳೆಯಲು ನನಗೆ ತೋರುವ ಒರೆಗಲ್ಲು ಇದೇ. ಕೃತಿಯಲ್ಲಿರುವ ಹಳೆಯ ವಸ್ತುವನ್ನು ತೆಗೆದು ಅದೇ ಆಕಾರದ ಹೊಸದನ್ನು ಇಟ್ಟರೆ ಏನಾದರೂ ನಷ್ಟವಾಗುತ್ತದೆಯೇ? ಪಿಕಾಸೋ 1942ರಲ್ಲಿ ಸೈಕಲ್ಲಿನ ಸೀಟನ್ನೂ ಹಿಡಿಯನ್ನೂ ಸೇರಿಸಿ ಗೂಳಿಯ ತಲೆಯೊಂದನ್ನು ಮಾಡಿದನು. ನೋಡಿದೊಡನೆ ನಗು ಬರುವಷ್ಟು ಚಮತ್ಕಾರ ಅದರಲ್ಲಿದೆ. ಆದರೆ ಅವನಿಗೆ ಬೇಕಾಗಿದ್ದುದು ಸೀಟಿನ ಆಕಾರ, ಅದರ ಮೇಲೆ ಕುಳಿತು ಊರು ಸುತ್ತಿದವನಲ್ಲ. ಚಮತ್ಕಾರಕ್ಕೂ ಕಲೆಯಲ್ಲಿ ಸ್ಥಾನವಿದೆ ಎನ್ನೋಣ. ಬದಲಿಯನ್ನು ಒಪ್ಪದಿರುವ ಕೃತಿಯ ಹಿರಿಮೆ ಬೇರೆ.

ಅಂಥದೊಂದು ಕೃತಿಯನ್ನು ಚೀನಾ ದೇಶದ ಬೀಜಿಂಗ್‌ನಲ್ಲಿ 2005ರಲ್ಲಿ ಮೊದಲ ಬಾರಿಗೆ ಜನ ನೋಡಿದರು. ಕಲಾವಿದನ ಹೆಸರು ಸಾಂಗ್ ಡಾಂಗ್. ಆತನ ತಾಯಿ ಝಾವೊ ಶಿಯಾಂಗ್‌ಯುವಾನ್ ಕಡುಕಷ್ಟದ ಕಾಲದಲ್ಲಿ ಸಂಸಾರ ತೂಗಿಸಿದವರು. ಬಟ್ಟೆಗೂ ಸೋಪಿಗೂ ಪಡಿತರದ ಚೀಟಿ ಬೇಕಾಗಿದ್ದ ಆ ದಿನಗಳಲ್ಲಿ ಏನನ್ನೂ ಹಾಳುಮಾಡಬಾರದು, ಪ್ರತಿಯೊಂದು ವಸ್ತುವನ್ನೂ ಕೊನೆಯತನಕ ಬಳಸಬೇಕು ಎಂಬುದು ಅಲ್ಲಿಯ ಗೃಹಿಣಿಯರ ಧರ್ಮವಾಗಿತ್ತು. ಕಾಲ ಬದಲಾಯಿತು, ಅಂಗಡಿಗಳು ತುಂಬಿದವು. ಆ ತಾಯಿಯ ಅಭ್ಯಾಸ ಮಾತ್ರ ಬದಲಾಗಲಿಲ್ಲ. 2002ರಲ್ಲಿ ಪತಿ ತೀರಿಕೊಂಡ ಮೇಲೆ ಅದು ಮತ್ತಷ್ಟು ಹೆಚ್ಚಿತು. ಮನೆಯಲ್ಲಿ ಬರಿದಾದ ಜಾಗವನ್ನು ಅವರು ಸಾಮಾನುಗಳಿಂದ ತುಂಬುತ್ತಾ ಹೋದರು. ಎಸೆಯಿರೆಂದು ಮಕ್ಕಳು ಹೇಳಿದಷ್ಟೂ ಮನಸ್ತಾಪವಾಗುತ್ತಿತ್ತು. ಆಗ ಮಗನಿಗೆ ಒಂದು ಉಪಾಯ ಹೊಳೆಯಿತು. ಎಸೆಯುವುದರ ಬದಲು ಎಲ್ಲವನ್ನೂ ಹೊರಗೆ ತೆಗೆದು ಜೋಡಿಸೋಣ, ನೀನೇ ಜೋಡಿಸು, ಎಂದು ತಾಯಿಯನ್ನು ಒಪ್ಪಿಸಿದನು.

ಹತ್ತು ಸಾವಿರಕ್ಕೂ ಹೆಚ್ಚಿನ ವಸ್ತುಗಳು ಹೊರಗೆ ಬಂದವು. ಪಾತ್ರೆಗಳು, ಹಳೆಯ ಚಪ್ಪಲಿಗಳು, ಬಟ್ಟೆಯ ತುಂಡುಗಳು, ಪ್ಲಾಸ್ಟಿಕ್ ಸೀಸೆಗಳು, ಹಿಂಡಿ ಮುಗಿದ ಟೂತ್‌ಪೇಸ್ಟಿನ ಕೊಳವೆಗಳು, ಹೂಕುಂಡಗಳು. ಇವುಗಳ ನಡುವೆ ಹಳೆಯ ಮನೆಯೊಂದರ ಮರದ ಚೌಕಟ್ಟು. ಒಂದು ಬಗೆಯವನ್ನು ಒಂದೆಡೆ ಸೇರಿಸಿ ಸಾಲುಸಾಲಾಗಿ ನೆಲದ ಮೇಲೆ ಇಡಲಾಗಿತ್ತು. ಅವುಗಳಲ್ಲಿ ಬಟ್ಟೆ ಒಗೆಯುವ ಸೋಪಿನ ಗಟ್ಟಿಗಳೂ ಇದ್ದವು. ಮುಂದೆ ಮಕ್ಕಳಿಗೆ ಸೋಪು ಸಿಗದೆ ಹೋದೀತೆಂಬ ಭಯದಿಂದ ಆ ತಾಯಿ ತಮ್ಮ ಪಾಲಿನ ಪಡಿತರದಲ್ಲಿ ಉಳಿಸಿ ಕೂಡಿಟ್ಟವು ಅವು. ಮಗನ ಮದುವೆಯ ಹೊತ್ತಿಗೆ ಅವನ್ನು ಕೊಡಹೋದರೆ, ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರವಿದೆ, ಇದು ಬೇಡ, ಎಂಬ ಉತ್ತರ ಬಂದಿತು. ಅವರು ಮತ್ತೆ ಒಳಗಿಟ್ಟರು. ಒಣಗಿ ಬಿರುಕು ಬಿಟ್ಟ ಆ ಸೋಪುಗಳ ಜಾಗದಲ್ಲಿ ಅಂಗಡಿಯಿಂದ ತಂದ ಹೊಸ ಸೋಪುಗಳನ್ನು ಇಟ್ಟುನೋಡಿ. ಬಣ್ಣ ಇನ್ನೂ ಚೆನ್ನಾಗಿರುತ್ತದೆ, ಸಾಲು ಇನ್ನೂ ನೇರವಾಗಿರುತ್ತದೆ, ಕೃತಿ ಮಾತ್ರ ಇರುವುದಿಲ್ಲ. ಪ್ರದರ್ಶನದಲ್ಲಿ ಆ ತಾಯಿ ತಾವೇ ಕುಳಿತು ಬಂದವರೊಡನೆ ಮಾತನಾಡಿದರು. ನಮ್ಮ ಮನೆಯಲ್ಲಿಯೂ ಇಂಥವೇ ಇವೆ ಎಂದು ಜನರು ಹೇಳಿಕೊಳ್ಳುತ್ತಿದ್ದರಂತೆ. 2009ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯದಲ್ಲಿ ಆ ಕೃತಿಯ ಪ್ರದರ್ಶನ ನಡೆಯಿತು.

ಇದನ್ನು ತಿಳಿಯಲು ನಮಗೆ ಚೀನಾ ದೇಶದ ಪಾಠವೇ ಆಗಬೇಕೆಂದಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹೊಲಿಯುವ ಕೌದಿಯನ್ನು ನೋಡಿ. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಪದರಪದರವಾಗಿ ಹಾಸಿ ಹೊಲಿದ ಹೊದಿಕೆ ಅದು. ಈ ತುಂಡು ಅವ್ವನ ಮದುವೆಯ ಸೀರೆಯದು, ಇದು ತೀರಿಕೊಂಡ ಅಜ್ಜನ ಧೋತರದ್ದು ಎಂದು ಬೆರಳಿಟ್ಟು ತೋರಿಸಬಲ್ಲ ಹಿರಿಯರು ಮನೆಯಲ್ಲಿರುತ್ತಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಗಳ ಸೊಬಗನ್ನು ಈಗ ಹೊರದೇಶದವರೂ ಮೆಚ್ಚಿದ್ದಾರೆ. ಅದರ ನಾಲ್ಕು ಮೂಲೆಗಳಲ್ಲಿಯೂ ಸಣ್ಣ ತುಂಡುಗಳನ್ನು ಮಡಚಿ ಒಂದು ‘ಫೂಲ’ವನ್ನು, ಎಂದರೆ ಹೂವನ್ನು, ಇಡದಿದ್ದರೆ ಅದು ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ.

ಎರವಲು ವಸ್ತುವಿನ ಗುಣವೂ ಹೀಗೆಯೇ. ಹಿಂದೆ ಹಳ್ಳಿಗಳಲ್ಲಿ ನಾಟಕವಾಡುವಾಗ ಕುರ್ಚಿ ಶಾಲೆಯದು, ಗ್ಯಾಸ್‌ಲೈಟು ಸಾಹುಕಾರರದು, ದ್ರೌಪದಿಯ ಸೀರೆ ಗೌಡರ ಮನೆಯದು. ದ್ರೌಪದಿ ರಂಗದ ಮೇಲೆ ಬಂದೊಡನೆ ಹೆಂಗಸರ ಗುಂಪಿನಲ್ಲಿ ಪಿಸುಮಾತು ಹುಟ್ಟುತ್ತಿತ್ತು. ದುಶ್ಶಾಸನ ಸೆರಗಿಗೆ ಕೈ ಹಾಕಿದಾಗ ಪಾಂಚಾಲಿಯ ಮಾನಕ್ಕಿಂತ ಗೌಡತಿಯ ಸೀರೆಯ ಗತಿಯೇನಾಗುವುದೋ ಎಂಬ ಚಿಂತೆಯೇ ಹೆಚ್ಚಾಗುತ್ತಿದ್ದುದೂ ಉಂಟು! ವಸ್ತು ಎಷ್ಟೇ ಹೊಸ ವೇಷ ಧರಿಸಲಿ, ಅದು ಯಾರದೆಂಬುದನ್ನು ಮರೆಯಗೊಡುವುದಿಲ್ಲ. ಒಳ್ಳೆಯ ಕಲಾವಿದರು ಈ ಗುಣವನ್ನು ಮರೆಮಾಚುವುದಿಲ್ಲ, ಅದನ್ನೇ ದುಡಿಸಿಕೊಳ್ಳುತ್ತಾರೆ.

ನಮ್ಮ ನಾಡಿನವರೇ ಆದ ಶೀಲಾ ಗೌಡ ಅವರ ಕೃತಿಗಳನ್ನು ಇಲ್ಲಿ ನೆನೆಯಬೇಕು. ಇವರು 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿಯೂ ಶಾಂತಿನಿಕೇತನದಲ್ಲಿಯೂ ಲಂಡನ್ನಿನಲ್ಲಿಯೂ ಚಿತ್ರಕಲೆಯನ್ನು ಕಲಿತು, ಆಮೇಲೆ ಸಗಣಿ, ಕುಂಕುಮ, ದಾರ, ಡಾಂಬರಿನ ಪೀಪಾಯಿಗಳಂಥ ವಸ್ತುಗಳ ಕಡೆಗೆ ತಿರುಗಿದರು. ರಸ್ತೆ ಹಾಕುವ ಕೂಲಿಕಾರರು ಖಾಲಿ ಪೀಪಾಯಿಗಳನ್ನು ಸೀಳಿ, ತಟ್ಟಿ, ತಗಡು ಮಾಡಿ ಗುಡಿಸಲು ಕಟ್ಟಿಕೊಳ್ಳುವುದನ್ನು ದಾರಿಯಲ್ಲಿ ನಾವೆಲ್ಲರೂ ನೋಡಿದ್ದೇವೆ. ನೋಡಿಯೂ ಮುಂದೆ ಹೋಗಿದ್ದೇವೆ. ಶೀಲಾ ಗೌಡ ಅವರು 2006ರಲ್ಲಿ ಅಂಥ ಪೀಪಾಯಿಗಳಿಂದಲೇ ಒಂದು ಕೋಣೆಯನ್ನು ಕಟ್ಟಿದರು. ಎದುರಿನಿಂದ ನೋಡಿದರೆ ಒಂದರ ಮೇಲೊಂದು ನಿಲ್ಲಿಸಿದ ಪೀಪಾಯಿಗಳು ಅರಮನೆಯ ಕಂಬಗಳಂತೆ ಕಾಣುತ್ತವೆ. ಒಳಗೆ ಹೋಗಬೇಕಾದರೆ ಮೈ ಬಗ್ಗಿಸಿ ನುಸುಳಬೇಕು. ಒಳಗೆ ಕತ್ತಲೆ. ಮೇಲಿನ ತಗಡಿನಲ್ಲಿ ಕೊರೆದ ತೂತುಗಳಿಂದ ಬೆಳಕಿನ ಚುಕ್ಕೆಗಳು ಇಳಿದು, ನಕ್ಷತ್ರ ತುಂಬಿದ ಆಕಾಶದ ಕೆಳಗೆ ಕುಳಿತಂತಾಗುತ್ತದೆ. ಕೂಲಿಕಾರನ ಮನೆಯೊಳಕ್ಕೆ ತಲೆ ತಗ್ಗಿಸದೆ ಹೋಗಲು ಸಾಧ್ಯವಿಲ್ಲ ಎಂಬುದನ್ನು ಆ ಕೃತಿ ನೋಡುವವನ ಬೆನ್ನಿಗೇ ತಿಳಿಸಿಕೊಡುತ್ತದೆ. 2009ರಲ್ಲಿ ವೆನಿಸ್ ನಗರದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅವರು ತೋರಿಸಿದ ಕೃತಿಯಲ್ಲಿ ಇದ್ದುದು ಎರಡೇ ಬಗೆಯ ವಸ್ತುಗಳು. ಮೋಟಾರು ಕಾರುಗಳ ಉಕ್ಕಿನ ಬಂಪರುಗಳು ಮತ್ತು ಮನುಷ್ಯರ ಕೂದಲಿನಿಂದ ಹೊಸೆದ, ಸುಮಾರು ನಾಲ್ಕು ಕಿಲೋಮೀಟರು ಉದ್ದದ ಹಗ್ಗ. ದೇವರಿಗೆ ಹರಕೆಯಾಗಿ ಮುಡಿ ಕೊಟ್ಟವರ ಕೂದಲು ಅದು. ದೃಷ್ಟಿ ತಾಗದಿರಲೆಂದು ಇಂಥ ಹಗ್ಗವನ್ನು ವಾಹನಗಳಿಗೆ ಕಟ್ಟುವುದು ನಮ್ಮಲ್ಲಿ ರೂಢಿ. ಭಾರವಾದ ಉಕ್ಕನ್ನು ಆ ಕೂದಲಿನ ಹಗ್ಗವೇ ಗೋಡೆಯಲ್ಲಿ ಎತ್ತಿ ಹಿಡಿದಿದೆ. ನೈಲಾನಿನ ಹಗ್ಗ ಇನ್ನೂ ಗಟ್ಟಿಯಾಗಿರುತ್ತಿತ್ತು, ನಿಜ. ಆದರೆ ಅದರಲ್ಲಿ ಯಾರ ಭಯವೂ ಯಾರ ಹರಕೆಯೂ ಇರುತ್ತಿರಲಿಲ್ಲ.

ಇಲ್ಲಿ ಒಂದು ಕಠಿಣವಾದ ಪ್ರಶ್ನೆಯನ್ನು ಎದುರಿಸಲೇಬೇಕು. ಬೀದಿಯಲ್ಲಿ ಚಿಂದಿ ಆಯುವವಳಿಗೆ ಒಂದು ಚೀಲಕ್ಕೆ ಕೆಲವು ರೂಪಾಯಿಗಳು ಸಿಕ್ಕುತ್ತವೆ. ಅದೇ ಸಾಮಾನು ಕಲಾವಿದನ ಹೆಸರು ಹೊತ್ತು ಪ್ರದರ್ಶನಕ್ಕೆ ಬಂದರೆ ಅದರ ಬೆಲೆ ಲಕ್ಷವನ್ನು ಮೀರಬಹುದು. ನಡುವೆ ಏನು ನಡೆಯಿತು? ಕಲಾವಿದನ ಬುದ್ಧಿಗೂ ಶ್ರಮಕ್ಕೂ ಬೆಲೆಯಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬಡವರ ಬದುಕಿನ ಗುರುತುಗಳನ್ನು ತಂದು ಶ್ರೀಮಂತರ ಹಜಾರಕ್ಕೆ ಅಲಂಕಾರ ಮಾಡುವ ಕೃತಿಗಳೂ ಇವೆ. ಅವುಗಳನ್ನು ಕಂಡಾಗ ನನಗೆ ಸಂತೋಷವಾಗುವುದಿಲ್ಲ. ಆ ವಸ್ತುವನ್ನು ಬಳಸಿದವನ ಹೆಸರಿಲ್ಲ, ಆಯ್ದವಳ ಹೆಸರಿಲ್ಲ. ವಸ್ತು ಬಂದಿತು, ಅದರ ಹಿಂದಿನ ಮನುಷ್ಯರು ಬರಲಿಲ್ಲ. ದೆಹಲಿಯ ವಿವಾನ್ ಸುಂದರಂ ಅವರು ನಗರದ ಕಸವನ್ನೇ ವಸ್ತುವಾಗಿ ಮಾಡಿಕೊಂಡು ಹಲವು ವರ್ಷ ಕೆಲಸ ಮಾಡಿದವರು. ಚಿಂದಿ ಆಯುವವರನ್ನೇ ಆ ಕೆಲಸದಲ್ಲಿ ಜೊತೆಗೆ ಸೇರಿಸಿಕೊಂಡಿದ್ದರು. 2005ರ ಅವರ ಒಂದು ಕೃತಿಯಲ್ಲಿ ಹನ್ನೆರಡು ಕಬ್ಬಿಣದ ಮಂಚಗಳು ಆಸ್ಪತ್ರೆಯ ವಾರ್ಡಿನಲ್ಲಿರುವಂತೆ ಸಾಲಾಗಿ ನಿಂತಿವೆ. ಅವುಗಳಲ್ಲಿ ಹಾಸಿಗೆಯಿಲ್ಲ. ಹಾಸಿಗೆಯ ಜಾಗದಲ್ಲಿ ಸವೆದ ಚಪ್ಪಲಿ ಬೂಟುಗಳ ಅಟ್ಟೆಗಳನ್ನು ಹೆಣೆದು ಕಟ್ಟಿದೆ. ಎಷ್ಟೋ ಹಾದಿ ನಡೆದ ಕಾಲುಗಳು ಕೊನೆಗೆ ಅಲ್ಲಿ ಮಲಗಿವೆ ಎನಿಸುತ್ತದೆ.

ಪಡೆಯುವ ರೀತಿಯಲ್ಲಿಯೂ ನ್ಯಾಯ ಅನ್ಯಾಯಗಳಿವೆ. ಆಫ್ರಿಕಾ ಖಂಡದ ಘಾನಾ ದೇಶದವರಾದ ಇಬ್ರಾಹಿಂ ಮಹಾಮ ಎಂಬ ಕಲಾವಿದರು ಹಳೆಯ ಗೋಣಿಚೀಲಗಳನ್ನು ಹೊಲಿಸಿ ದೊಡ್ಡ ದೊಡ್ಡ ಕಟ್ಟಡಗಳಿಗೇ ಹೊದಿಸುತ್ತಾರೆ. ಏಷ್ಯಾದಲ್ಲಿ ಸೆಣಬಿನಿಂದ ತಯಾರಾಗುವ ಈ ಚೀಲಗಳು ಘಾನಾಕ್ಕೆ ಹೋಗುವುದು ಕೋಕೋ ಬೀಜಗಳನ್ನು ತುಂಬಲು. ಅಲ್ಲಿ ಹಳತಾದ ಮೇಲೆ ಕಾಳುಕಡ್ಡಿ ತುಂಬಲು, ಕೊನೆಗೆ ಇದ್ದಿಲು ತುಂಬಲು. ಹೊತ್ತವರ, ವ್ಯಾಪಾರಿಗಳ ಹೆಸರುಗಳೂ ಗುರುತುಗಳೂ ಅವುಗಳ ಮೇಲಿರುತ್ತವೆ. ಮಹಾಮ ಅವರು ಹಳೆಯ ಚೀಲವನ್ನು ಪಡೆದಾಗ ಅದಕ್ಕೆ ಬದಲಾಗಿ ಹೊಸ ಚೀಲವನ್ನು ಕೊಡುವ ಪದ್ಧತಿಯನ್ನು ಇಟ್ಟುಕೊಂಡರು. ಕೊಟ್ಟವನಿಗೆ ಇದ್ದಿಲು ತುಂಬಲು ಗಟ್ಟಿಯಾದ ಚೀಲ ದೊರೆಯಿತು. ಕಲಾವಿದನಿಗೆ ತೇಪೆ ಹಾಕಿದ, ಮಸಿ ಹಿಡಿದ, ಹೆಸರುಗಳಿರುವ ಚೀಲ ದೊರೆಯಿತು. 2017ರಲ್ಲಿ ಜರ್ಮನಿಯ ಕಾಸೆಲ್ ನಗರದ ಹಳೆಯ ಕಟ್ಟಡಗಳೆರಡು ಈ ಚೀಲಗಳನ್ನು ಹೊದ್ದು ನಿಂತಿದ್ದವು. ಚಾಕೊಲೇಟನ್ನು ತಿನ್ನುವ ನಾಡಿನ ಕಟ್ಟಡಕ್ಕೆ ಕೋಕೋ ಹೊರುವವರ ಗೋಣಿ!

ಇನ್ನು ನಮ್ಮ ದೇಶದ ಒಬ್ಬ ಸಾಮಾನ್ಯ ನೌಕರನ ವಿಷಯ. ಅವರನ್ನು ಪ್ರತಿಷ್ಠಾಪನ ಕಲಾವಿದರ ಪಟ್ಟಿಗೆ ಸೇರಿಸಲು ಕೆಲವರು ಒಪ್ಪಲಿಕ್ಕಿಲ್ಲ; ಸ್ವತಃ ಅವರೇ ಅದನ್ನು ಬಯಸಿದವರಲ್ಲ. ನೇಕ್ ಚಂದ್ 1924ರಲ್ಲಿ, ಇಂದು ಪಾಕಿಸ್ತಾನಕ್ಕೆ ಸೇರಿರುವ ಒಂದು ಹಳ್ಳಿಯಲ್ಲಿ ಹುಟ್ಟಿದರು. 1947ರ ದೇಶವಿಭಜನೆಯಲ್ಲಿ ಮನೆಮಾರುಗಳನ್ನು ಬಿಟ್ಟು ಈ ಕಡೆಗೆ ಬಂದರು. ಮುಂದೆ ಚಂಡೀಗಢದಲ್ಲಿ ಲೋಕೋಪಯೋಗಿ ಇಲಾಖೆಯ ರಸ್ತೆ ಮೇಲ್ವಿಚಾರಕರಾಗಿ ಕೆಲಸಕ್ಕೆ ಸೇರಿದರು. ಆ ನಗರ ಆಗತಾನೆ ಏಳುತ್ತಿತ್ತು. ಲ ಕಾರ್ಬೂಸಿಯೆ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯ ಯೋಜನೆಯಂತೆ ನೇರವಾದ ಬೀದಿಗಳೂ ಕಾಂಕ್ರೀಟಿನ ಭವನಗಳೂ ನಿರ್ಮಾಣವಾಗುತ್ತಿದ್ದವು. ಅದಕ್ಕಾಗಿ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳನ್ನು ತೆರವು ಮಾಡಿದ್ದರು. ಕೆಡವಿದ ಮನೆಗಳ ಹೆಂಚು, ಒಡೆದ ಗಡಿಗೆ, ಬಳೆಯ ಚೂರು, ಮುರಿದ ಸೈಕಲ್ಲಿನ ಭಾಗಗಳು ಎಲ್ಲೆಂದರಲ್ಲಿ ಬಿದ್ದಿದ್ದವು. ತಮ್ಮ ಹಳ್ಳಿಯನ್ನು ಕಳೆದುಕೊಂಡು ಬಂದಿದ್ದ ಈ ಮನುಷ್ಯ, ತಮ್ಮ ಕಣ್ಣೆದುರಿಗೇ ಇತರರ ಹಳ್ಳಿಗಳು ಮಣ್ಣಾಗುವುದನ್ನು ನೋಡಿದರು.

1957ರ ಸುಮಾರಿಗೆ ಅವರು ಆಯಲು ಆರಂಭಿಸಿದರು. ಹಗಲು ಕಚೇರಿಯ ಕೆಲಸ. ಸಂಜೆ ಸೈಕಲ್ಲಿನ ಮೇಲೆ ಕಲ್ಲು, ಚೂರುಗಳನ್ನು ಹೇರಿಕೊಂಡು ಊರಾಚೆಯ ಕಾಡಿನ ಕಮರಿಗೆ ಪಯಣ. ಅದು ಯಾರೂ ಕಟ್ಟಡ ಕಟ್ಟಬಾರದ ಸರಕಾರಿ ಜಾಗ. ಅಲ್ಲಿ ಗುಟ್ಟಾಗಿ, ರಾತ್ರಿಯ ಹೊತ್ತು ಹಳೆಯ ಟಯರುಗಳನ್ನು ಉರಿಸಿ ಬೆಳಕು ಮಾಡಿಕೊಂಡು ದುಡಿದರು. ಬಳೆಚೂರಿನ ಲಂಗ ತೊಟ್ಟ ಹೆಂಗಸರು, ಪಿಂಗಾಣಿ ಚೂರಿನ ಅಂಗಿ ತೊಟ್ಟ ಗಂಡಸರು, ನೀರು ಹೊರುವವರು, ಕುಣಿಯುವವರು, ಮಂಗಗಳು, ಹಕ್ಕಿಗಳು ಗುಂಪುಗುಂಪಾಗಿ ಎದ್ದು ನಿಂತವು. ತೆರವಾದ ಹಳ್ಳಿಗಳ ಜನ ಆ ಕಮರಿಯಲ್ಲಿ ಮತ್ತೆ ಸಂತೆ ನೆರೆದಂತೆ! ಹದಿನೆಂಟು ವರ್ಷಗಳಷ್ಟು ಕಾಲ ಇದು ಮುಂದುವರಿಯಿತು. 1975ರ ಸುಮಾರಿಗೆ ಅಧಿಕಾರಿಗಳ ಕಣ್ಣಿಗೆ ಬಿದ್ದಾಗ, ಕಾನೂನಿನ ಪ್ರಕಾರ ಎಲ್ಲವನ್ನೂ ಕೆಡವಿಹಾಕಬಹುದಾಗಿತ್ತು. ಜನ ಅದನ್ನು ನೋಡಿ ಮೆಚ್ಚಿದ್ದರಿಂದ ಸರಕಾರವೂ ಮನಸ್ಸು ಬದಲಿಸಿತು. 1976ರಲ್ಲಿ ಅದು ‘ರಾಕ್ ಗಾರ್ಡನ್’ ಎಂಬ ಹೆಸರಿನಿಂದ ಸಾರ್ವಜನಿಕರಿಗೆ ತೆರೆಯಿತು. ನೇಕ್ ಚಂದ್ ಅವರಿಗೆ ಅದನ್ನೇ ನೋಡಿಕೊಳ್ಳುವ ಹುದ್ದೆಯನ್ನೂ ಕೈಕೆಳಗೆ ಐವತ್ತು ಮಂದಿ ಕೆಲಸಗಾರರನ್ನೂ ಕೊಟ್ಟರು. 1984ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಮುಂದೊಮ್ಮೆ ರಸ್ತೆಗಾಗಿ ಉದ್ಯಾನದ ಒಂದು ಭಾಗವನ್ನು ಕೆಡವಲು ಯಂತ್ರಗಳು ಬಂದಾಗ ಊರಿನ ಜನರೇ ಕೈಕೈ ಹಿಡಿದು ಅಡ್ಡ ನಿಂತರು.

ಚಂಡೀಗಢಕ್ಕೆ ಹೋದವರು ಲ ಕಾರ್ಬೂಸಿಯೆಯ ಭವನಗಳನ್ನೂ ನೋಡುತ್ತಾರೆ, ಈ ತೋಟವನ್ನೂ ನೋಡುತ್ತಾರೆ. ಎರಡನೆಯದಿಲ್ಲದಿದ್ದರೆ ಮೊದಲನೆಯದು ಬರಿಯ ಬಯಲಿನ ಮೇಲೆ ಎದ್ದಿತೆಂದು ನಾವು ತಿಳಿಯುತ್ತಿದ್ದೆವು. ಅಲ್ಲಿ ಒಲೆ ಉರಿಯುತ್ತಿತ್ತು, ಗಡಿಗೆಯಲ್ಲಿ ನೀರಿತ್ತು, ಹೆಣ್ಣುಮಕ್ಕಳ ಕೈಯಲ್ಲಿ ಬಳೆಯಿತ್ತು ಎಂಬುದಕ್ಕೆ ಸಾಕ್ಷಿ ಹೇಳುವವು ಆ ಚೂರುಗಳು. ಅಣೆಕಟ್ಟಿಗಾಗಿ, ಹೆದ್ದಾರಿಗಾಗಿ, ಗಣಿಗಾಗಿ ಊರುಗಳನ್ನು ಎಬ್ಬಿಸುವುದು ನಮ್ಮ ಕಾಲದಲ್ಲಿ ಅಪರೂಪದ ಸಂಗತಿಯಲ್ಲ. ಪರಿಹಾರದ ಹಣದ ಲೆಕ್ಕ ಕಡತಗಳಲ್ಲಿ ಉಳಿಯುತ್ತದೆ. ಬಾಗಿಲುವಾಡ, ಒರಳುಕಲ್ಲು, ತುಳಸಿಕಟ್ಟೆಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಅವನ್ನು ಕಸವೆಂದು ಕರೆದುಬಿಟ್ಟರೆ ಲೆಕ್ಕ ಇಡುವ ಹೊಣೆಯೂ ತಪ್ಪುತ್ತದೆ. ಆ ಮಾತಿನ ಮೇಲೆ ನನಗಿರುವ ಆಕ್ಷೇಪಣೆಯ ಮೂಲ ಇಲ್ಲಿದೆ.

2025ರ ಆರಂಭದಲ್ಲಿ ಉಚ್ಚ ನ್ಯಾಯಾಲಯದ ಬಳಿ ವಾಹನಗಳ ಅನುಕೂಲಕ್ಕಾಗಿ ಆ ಉದ್ಯಾನದ ಗೋಡೆಯ ಒಂದು ಭಾಗವನ್ನು ಕೆಡವಿದರು. ಊರಿನವರು ಮತ್ತೆ ಗುಂಪುಗೂಡಿ ಪ್ರತಿಭಟಿಸಿದರು. ನೇಕ್ ಚಂದ್ 2015ರಲ್ಲಿಯೇ ತೀರಿಕೊಂಡಿದ್ದರು. ಬಿದ್ದ ಚೂರುಗಳನ್ನು ಆಯ್ದುಕೊಂಡು ಹೋಗಲು ಸಂಜೆಯ ಹೊತ್ತು ಸೈಕಲ್ಲಿನಲ್ಲಿ ಬರುವವರು ಯಾರೂ ಇರಲಿಲ್ಲ.